ಸದ್ದು ಮಾಡದ ಡಬ್ಬಿ

“ಉಸಿರು ಬಿಗಿ ಹಿಡ್ಕೊಂಡು ನೋಡಿ. ಉಸಿರು ಬಿಟ್ರೆ ಡಿಸ್ಕ್ ಮೇಲೆ ಮಂಜು ಕೂರುತ್ತೆ,” ಎಂದರು ಕನ್ನಡಕದಮ್ಮ.

ಬಿಗಿ ಹಿಡಿದೆ. ಇಪ್ಪತ್ತೆರಡು ವರ್ಷ ವಿಮಾ ಕಂಪನಿಯ ಸರ್ವೇಯರಾಗಿ ಸುಟ್ಟ ಗೋದಾಮು, ಮುಳುಗಿದ ದೋಣಿ ನೋಡಿ ವರದಿ ಬರೆದವನು ನಾನು. ಈಗ ಪತ್ತೇದಾರನಾಗಿ ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ಒಂದು ಸಿಡಿಯ ಹೊಕ್ಕುಳಿನ ಸುತ್ತ ಏನಿದೆ ಎಂದು ಹುಡುಕುತ್ತಿದ್ದೆ.

“ನಡುವಿನ ತೂತಿನ ಸುತ್ತ ಉಂಗುರದ ಹಾಗೆ ಕಾಣುತ್ತಲ್ಲ, ಅದರೊಳಗೆ ಸಣ್ಣ ಅಂಕಿಗಳಿವೆ. ಕೊನೆಯ ಎರಡು ಓದಿ.”

“ಸೊನ್ನೆ, ಎರಡು.”

“ನನ್ನದು ಸೊನ್ನೆ ಒಂದು. ಇದು ನನ್ನ ಡಿಸ್ಕ್ ಅಲ್ಲ, ಸರ್ವೇಯರ್ ಸಾಹೇಬ್ರೆ.”

ಹಿಂದಿನ ಸಂಜೆ ಅವರು ಫೋನು ಮಾಡಿ, ‘ಮನೇಲಿ ಕಳ್ಳತನ ಆಗಿದೆ, ಆದ್ರೆ ಒಂದು ಸಾಮಾನೂ ಕಡಿಮೆಯಾಗಿಲ್ಲ’ ಎಂದಾಗ, ವಯಸ್ಸಾದವರ ಭ್ರಮೆ ಎಂದು ಮೂಗು ಮುರಿದಿದ್ದೆ. ಬೆಳಿಗ್ಗೆ ಹತ್ತು ಗಂಟೆಗೆ ಈ ಕೋಣೆಗೆ ಕಾಲಿಟ್ಟ ಮೇಲೆ ಆ ಮೂಗನ್ನು ಸರಿಪಡಿಸಿಕೊಳ್ಳಬೇಕಾಯಿತು.

ನಲವತ್ತು ವರ್ಷ ಕನ್ನಡಕದ ಗಾಜು ಉಜ್ಜಿದ ಹೆಂಗಸು ಅವರು. ಕೆಳಗೆ ಅಂಗಡಿ ಇತ್ತು, ಮೇಲಿನ ಈ ಕೋಣೆ ಕಾರ್ಖಾನೆಯಾಗಿತ್ತು. ಈಗ ಇಲ್ಲಿ ಉಜ್ಜುವ ಯಂತ್ರವಿಲ್ಲ. ನೆಲದಿಂದ ಸೂರಿನವರೆಗೆ ಕಪಾಟು, ಕಪಾಟಿನ ತುಂಬ ಸಿಡಿ. ಆರುನೂರ ಹನ್ನೆರಡು. ಎಲ್ಲವೂ ಕ್ರಿಸ್‌ಮಸ್ ಹಾಡುಗಳು, ಎಲ್ಲವೂ ಹಳೆಯವು, ಎಲ್ಲವೂ ಸಂಕಲನಗಳು.

“ಅಮ್ಮಾ, ತಪ್ಪು ತಿಳೀಬೇಡಿ. ಅದೇ ಇಪ್ಪತ್ತು ಮೂವತ್ತು ಹಾಡನ್ನ ಆರುನೂರು ಸಲ ಕೊಂಡುಕೊಂಡಿದ್ದೀರಿ ಅಂತ ಕಾಣುತ್ತೆ,” ಎಂದಿದ್ದೆ ಬಂದ ಹೊಸದರಲ್ಲಿ.

ಅವರಿಗೆ ಸಿಟ್ಟು ಬರಲಿಲ್ಲ. ಎರಡು ಡಿಸ್ಕ್ ತೆಗೆದು ಒಂದಾದ ಮೇಲೊಂದು ಹಾಕಿದರು. ಒಂದೇ ಹಾಡು, ಒಂದೇ ವಾದ್ಯಮೇಳ, ಅದೇ ಗಂಡಸು ಹಾಡಿದ್ದು.

“ಏನು ವ್ಯತ್ಯಾಸ?”

“ಏನೂ ಇಲ್ಲ.”

“ಮತ್ತೆ ಕೇಳಿ. ಇದರಲ್ಲಿ ಹಾಡು ಮುಗಿದ ಮೇಲೂ ಮೂರು ಸೆಕೆಂಡು ಬಿಟ್ಟಿದ್ದಾರೆ. ಪಿಟೀಲಿನವನೊಬ್ಬ ಕುರ್ಚಿ ಹಿಂದಕ್ಕೆ ಎಳೀತಾನೆ.”

ಕೇಳಿದೆ. ಎಳೆದ! ಎಂದೋ ಯಾವುದೋ ಕೋಣೆಯಲ್ಲಿ, ಕೆಲಸ ಮುಗಿಯಿತಪ್ಪಾ ಎಂದು ಒಬ್ಬ ಮನುಷ್ಯ ಕುರ್ಚಿ ಸರಿಸಿದ ಸದ್ದು ನನ್ನ ಕಿವಿಗೇ ಬಿತ್ತು. ನನಗೆ ಅರಿವಿಲ್ಲದೆಯೇ ನಗು ಬಂತು.

“ಉಳಿದ ಕಂಪನಿಗಳೆಲ್ಲ ಅದನ್ನ ಕತ್ತರಿಸಿ ಹಾಕಿಬಿಟ್ರು,” ಎಂದರು ಅವರು. “ಇದು ಒಂದು ಚಪ್ಪಲಿ ಅಂಗಡಿಯವರು ಗಿರಾಕಿಗಳಿಗೆ ಪುಕ್ಕಟೆ ಹಂಚಿದ ಡಿಸ್ಕು. ಕತ್ತರಿಸೋಕೆ ಅವರಿಗೆ ಪುರುಸೊತ್ತಿರಲಿಲ್ಲ. ಅದಕ್ಕೇ ಆ ಪಿಟೀಲಿನವನು ಉಳ್ಕೊಂಡ.”

ಹಾಗೆ ಒಂದೊಂದನ್ನೂ ಅವರು ಬಲ್ಲರು. ಪೆಟ್ರೋಲ್ ಬಂಕಿನವರು ಕೊಟ್ಟದ್ದು, ಸೋಪಿನ ಪೊಟ್ಟಣದ ಜೊತೆ ಬಂದದ್ದು, ಮುಚ್ಚಿಹೋದ ಕಂಪನಿ ಕೊನೆಯ ಬಾರಿಗೆ ತಂದದ್ದು. ಆರುನೂರು ಡಿಸ್ಕಿಗೂ ಕಾರ್ಡು ಬರೆದಿಟ್ಟಿದ್ದರು. ಅದಕ್ಕೆ ಅಂಗಡಿಯಲ್ಲಿ ಉಳಿದ ಕಣ್ಣು ಪರೀಕ್ಷೆಯ ಕಾರ್ಡುಗಳೇ ಆಗಿದ್ದವು. ‘ಬಲಗಣ್ಣು’ ಎಂಬಲ್ಲಿ ಡಿಸ್ಕಿನ ಸ್ಥಿತಿ, ‘ಎಡಗಣ್ಣು’ ಎಂಬಲ್ಲಿ ಡಬ್ಬಿಯ ಸ್ಥಿತಿ. ಇಂಥ ಶಿಸ್ತು ನಮ್ಮ ವಿಮಾ ಕಂಪನಿಯಲ್ಲಿ ಇದ್ದಿದ್ದರೆ ನಾನು ಇನ್ನೂ ಅಲ್ಲೇ ಇರುತ್ತಿದ್ದೆ.

“ಈ ಸೊನ್ನೆ ಒಂದರ ಕತೆ ಹೇಳಿ,” ಎಂದೆ, ಡಿಸ್ಕನ್ನು ಅಂಚು ಹಿಡಿದು ಅವರ ಕೈಗೆ ಕೊಡುತ್ತಾ.

ಹಸಿರು ಹೊದಿಕೆ, ಅದರ ಮೇಲೆ ಮೂರು ಮೇಣದ ಬತ್ತಿ. ಈ ಹುಚ್ಚಿನವರೆಲ್ಲ ಅದನ್ನು ‘ಮೂರು ಬತ್ತಿ’ ಎಂದೇ ಕರೆಯುತ್ತಾರಂತೆ. ಮೂವತ್ತು ವರ್ಷದ ಹಿಂದೆ ಹಳೆಯ ಟೇಪುಗಳಿಂದ ಆರಿಸಿ ಮಾಡಿದ ಸಂಕಲನ.

“ಹತ್ತೊಂಬತ್ತನೇ ಹಾಡು ತೊಟ್ಟಿಲ ಹಾಡು. ಒಂದು ಗಾಯಕವೃಂದ ಹಾಡಿದ್ದು. ನಡುವೆ ಒಬ್ಬಳೇ ಹುಡುಗಿ ನಾಲ್ಕು ಸಾಲು ಹಾಡ್ತಾಳೆ.” ಕನ್ನಡಕದಮ್ಮ ಡಿಸ್ಕನ್ನು ಬೆಳಕಿಗೆ ಹಿಡಿದರು. “ಅವಳು ನನ್ನ ತಂಗಿ.”

ನಾನು ಪುಸ್ತಕ ಮುಚ್ಚಿಟ್ಟೆ. ಬರೆದುಕೊಳ್ಳುವ ಮಾತಲ್ಲ ಅದು.

“ರೆಕಾರ್ಡಿಂಗ್ ದಿನ ಅವಳಿಗೆ ನೆಗಡಿ. ಮೂರನೇ ಸಾಲಿನ ನಡುವೆ ಉಸಿರು ಸಾಲದೆ ನಿಂತು, ಉಸಿರು ತಗೊಂಡು ಮುಂದುವರಿಸಿದಳು. ಮೇಷ್ಟ್ರು ಒಪ್ಪಲಿಲ್ಲ, ಬೇರೆ ಹುಡುಗಿ ಕೈಲಿ ಹಾಡಿಸಿದರು. ಇವಳ ಟೇಪು ಮೂಲೆಗೆ ಹೋಯ್ತು. ಎಷ್ಟೋ ವರ್ಷ ಆದ್ಮೇಲೆ ಸಿಡಿ ಮಾಡುವಾಗ ಯಾರೋ ಪುಣ್ಯಾತ್ಮ ತಪ್ಪು ಟೇಪು ಎತ್ತಿಕೊಂಡ. ಒಂದೇ ವಾರಕ್ಕೆ ತಪ್ಪು ಗೊತ್ತಾಗಿ ಎಲ್ಲ ವಾಪಸ್ ತರಿಸಿ, ಸರಿ ಟೇಪು ಹಾಕಿ ಮತ್ತೆ ಅಚ್ಚು ಹಾಕಿದ್ರು. ಅದು ಸೊನ್ನೆ ಎರಡು. ಹೊದಿಕೆ ಅದೇ, ಪುಸ್ತಿಕೆ ಅದೇ. ವ್ಯತ್ಯಾಸ ಆ ಉಂಗುರದಲ್ಲಿ ಮಾತ್ರ.”

“ಹಾಡಿನಲ್ಲೂ.”

“ಹಾಡಿನಲ್ಲೂ. ಪ್ರತಿ ವರ್ಷ ಡಿಸೆಂಬರ್ ಇಪ್ಪತ್ನಾಲ್ಕಕ್ಕೆ ಒಂದೇ ಒಂದು ಸಲ ಅದನ್ನ ಹಾಕ್ತೀನಿ. ಸವೆಯಬಾರದು ಅಂತ. ಈ ವರ್ಷ ತಡ್ಕೊಳ್ಳೋಕೆ ಆಗಲಿಲ್ಲ. ಮೊನ್ನೆ ಕಣ್ಣಿನ ಡಾಕ್ಟರು ಹೇಳಿದ್ರು, ಎಡಗಣ್ಣೂ ಇನ್ನು ಕೆಲವೇ ತಿಂಗಳು ಅಂತ. ಬಲಗಣ್ಣು ಹೋಗಿ ಹನ್ನೆರಡು ವರ್ಷ ಆಯ್ತು. ಮನೆಗೆ ಬಂದವಳೇ ಡಿಸ್ಕ್ ಹಾಕಿದೆ. ತಂಗಿ ಜಾಗದಲ್ಲಿ ಬೇರೆ ಯಾರೋ ಹಾಡ್ತಿದ್ದಳು.”

“ತಂಗಿಯವರು ಈಗ...”

“ಇಲ್ಲ. ನನ್ನ ಜೊತೆ ಜಗಳ ಆಡಿಕೊಂಡು ಊರು ಬಿಟ್ಟಳು. ತಪ್ಪು ಯಾರದು ಅಂತ ಕೇಳಬೇಡಿ, ನನ್ನದೇ. ಹನ್ನೆರಡು ವರ್ಷದ ಹಿಂದೆ ನನ್ನ ಕಣ್ಣಿಗೆ ಆಪರೇಷನ್ ಆಗಿ ಪಟ್ಟಿ ಕಟ್ಟಿದ್ದಾಗ ಸುದ್ದಿ ಬಂತು. ತಮ್ಮ ಒಬ್ಬನೇ ಹೋಗಿ ಮಣ್ಣು ಮಾಡಿ ಬಂದ. ನನಗೆ ಮುಖ ನೋಡೋಕೂ ಸಿಗಲಿಲ್ಲ.” ಅವರ ಧ್ವನಿ ಎಲ್ಲೂ ನಡುಗಲಿಲ್ಲ. ನಡುಗಿದ್ದರೆ ನನಗೆ ಸುಲಭವಾಗುತ್ತಿತ್ತು. “ಕಣ್ಣು ಪೂರ್ತಿ ಹೋದ್ಮೇಲೆ ನನಗೆ ಉಳಿಯೋದು ಕಿವಿ ಒಂದೇ, ಸಾಹೇಬ್ರೆ. ಆ ನಾಲ್ಕು ಸಾಲು ಬಿಟ್ಟು ಅವಳದು ಅಂತ ನನ್ನ ಹತ್ರ ಇನ್ನೇನೂ ಇಲ್ಲ.”

ಆ ಕ್ಷಣದಲ್ಲಿ ಈ ಕೇಸು ನನ್ನದಾಯಿತು.

“ಈ ಕೋಣೆಗೆ ಯಾರ್ಯಾರು ಬರ್ತಾರೆ?”

“ಕಳೆದ ವರ್ಷದ ಇಪ್ಪತ್ನಾಲ್ಕರಿಂದ ಲೆಕ್ಕ ಹಾಕಿದ್ರೂ ಮೂರೇ ಜನ. ರೇಡಿಯೋದವಳು ಒಂದು ಸಲ ಬಂದಿದ್ದಳು, ಕಾರ್ಯಕ್ರಮಕ್ಕೆ ಹಾಡು ಆರಿಸೋಕೆ. ಪಾಪ, ಕೈಚೀಲ ಕೂಡ ಬಾಗಿಲಲ್ಲೇ ಇಟ್ಟಳು. ತಿಂಗಳಿಗೊಮ್ಮೆ ಡಿಸ್ಕಣ್ಣ ಬರ್ತಾನೆ, ಹಳೇ ಸಿಡಿ ಅಂಗಡಿಯವನು, ಮುರಿದ ಡಬ್ಬಿ ಕಂಡ್ರೆ ಸರಿಮಾಡದೆ ಬಿಡಲ್ಲ. ಆಮೇಲೆ ನನ್ನ ತಮ್ಮ, ಕೆಳಗೇ ಇರ್ತಾನೆ.”

“ಸೊನ್ನೆ ಒಂದರ ವಿಷಯ ಯಾರಿಗೆ ಗೊತ್ತು?”

“ತಮ್ಮನಿಗೆ. ಮನೆಯವನು, ಗೊತ್ತಿರದೆ ಇರುತ್ತಾ? ಬೇರೆ ಯಾರಿಗೂ ಹೇಳಿಲ್ಲ. ಮುಖ್ಯವಾಗಿ ಡಿಸ್ಕಣ್ಣನಿಗೆ.” ಎಪ್ಪತ್ತು ದಾಟಿದ ಆ ಮುಖದಲ್ಲಿ ತುಂಟತನ ಇಣುಕಿತು. “ಅವನ ಅಂಗಡಿಯ ಮೂಲೆ ಡಬ್ಬಿಯಲ್ಲೇ ಸಿಕ್ಕಿದ್ದು ಅದು. ನಾನು ಭೂತಗನ್ನಡಿ ಹಾಕಿ ನೋಡಿ, ಬಾಯಿ ಮುಚ್ಕೊಂಡು ಇನ್ನೂ ನಾಲ್ಕು ಕಸದ ಡಿಸ್ಕಿನ ನಡುವೆ ಸೇರಿಸಿ ತಂದೆ. ಅವನು ಇಪ್ಪತ್ತು ವರ್ಷದಿಂದ ಸೊನ್ನೆ ಒಂದನ್ನ ಹುಡುಕ್ತಾನೇ ಇದ್ದಾನೆ. ದಯವಿಟ್ಟು ಹೇಳಬೇಡಿ. ಎದೆ ಒಡೆದುಕೊಳ್ತಾನೆ.”

ಖಾಲಿ ಡಬ್ಬಿಯನ್ನು ಕೈಗೆತ್ತಿಕೊಂಡೆ. ಪುಸ್ತಿಕೆಯ ಒಳಪುಟದಲ್ಲಿ ಅವರ ಕೈಬರಹದ ಪೆನ್ಸಿಲ್ ಗುರುತು, ಕೊಂಡ ದಿನಾಂಕ. ಡಬ್ಬಿ ಅವರದೇ. ಒಳಗಿನ ಡಿಸ್ಕ್ ಮಾತ್ರ ಬದಲಾಗಿದೆ.

ನನ್ನ ಹಳೆಯ ಕಸುಬಿನಲ್ಲಿ ಒಂದು ಪಾಠ ಕಲಿತಿದ್ದೆ. ಸುಟ್ಟ ಗೋದಾಮಿನಲ್ಲಿ ಏನು ಸುಟ್ಟಿದೆ ಎಂದು ಎಲ್ಲರೂ ನೋಡುತ್ತಾರೆ. ನಾನು ನೋಡುತ್ತಿದ್ದುದು, ಇರಬೇಕಾದ್ದಕ್ಕಿಂತ ಹೊಸದಾಗಿ ಏನಿದೆ ಎಂದು. ಒಮ್ಮೆ ಹೊಚ್ಚ ಹೊಸ ಬೀಗವೊಂದೇ ನನಗೆ ಬೆಂಕಿ ಇಟ್ಟವನ ಮನೆ ತೋರಿಸಿತ್ತು.

‘ಮೂರು ಬತ್ತಿ’ಯ ಕಾರ್ಡು ಕೇಳಿ ಓದಿದೆ. ಬಲಗಣ್ಣು: ಗೀರಿಲ್ಲ. ಎಡಗಣ್ಣು: ‘ನಡುವಿನ ಹಲ್ಲು ಎರಡು ಮುರಿದಿವೆ. ಅಲ್ಲಾಡುತ್ತದೆ.’

ಡಿಸ್ಕನ್ನು ಹಿಡಿದಿಡಲು ಡಬ್ಬಿಯ ಒಳತಟ್ಟೆಯ ನಡುವೆ ಹೂವಿನಂತೆ ಪ್ಲಾಸ್ಟಿಕ್ ಹಲ್ಲುಗಳಿರುತ್ತವಲ್ಲ, ಅವು. ಎಣಿಸಿದೆ. ಒಂದೂ ಮುರಿದಿರಲಿಲ್ಲ. ಡಿಸ್ಕ್ ಕೂರಿಸಿ, ಮುಚ್ಚಿ, ಕಿವಿಯ ಹತ್ತಿರ ಅಲ್ಲಾಡಿಸಿದೆ. ಸದ್ದಿಲ್ಲ.

“ಇದು ಯಾವಾಗಲೂ ಸದ್ದು ಮಾಡ್ತಿತ್ತಾ?”

ಕನ್ನಡಕದಮ್ಮ ಡಬ್ಬಿಯನ್ನು ಕಸಿದುಕೊಂಡು ತಾವೂ ಅಲ್ಲಾಡಿಸಿದರು. “ಗಡಗಡ ಅನ್ನುತ್ತಿತ್ತು. ತಟ್ಟೆ ಬದಲಾಯಿಸಬಹುದಿತ್ತು, ನಾನೇ ಬಿಟ್ಟಿದ್ದೆ. ಅದು ಹಾಗೇ ಬಂದದ್ದು, ಹಾಗೇ ಇರಲಿ ಅಂತ. ಡಿಸ್ಕಿನ ಗಾಬರೀಲಿ ಡಬ್ಬಿ ನೋಡೋದನ್ನೇ ಮರೆತೆ.”

ಡಿಸ್ಕ್ ಕದಿಯುವವನಿಗೆ ಡಿಸ್ಕ್ ಬದಲಿಸಿದರೆ ಸಾಕು. ಹೊದಿಕೆಯ ಕಾಗದ ಹರಿಯದಂತೆ ಬಿಡಿಸಿ, ಮುರಿದ ತಟ್ಟೆ ತೆಗೆದು, ಅದೇ ಕಾಲದ ಮಾಸಲು ಕಪ್ಪು ತಟ್ಟೆಯನ್ನೇ ಹುಡುಕಿ ಕೂರಿಸುವ ಕಳ್ಳ ಎಂಥವನು? ಮುರಿದದ್ದನ್ನು ಕಂಡರೆ ಕೈ ತಡೆಯಲಾಗದವನು. ಅಂಥವನೊಬ್ಬನ ಹೆಸರನ್ನು ನಾನು ಐದು ನಿಮಿಷದ ಹಿಂದಷ್ಟೇ ಕೇಳಿದ್ದೆ.

ಡಿಸ್ಕಿನ ಸಮೇತ ಡಬ್ಬಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದೆ. ಕೆಳಗೆ ತಮ್ಮ ತನ್ನ ಕೋಣೆಗೆ ಬೀಗ ಹಾಕುತ್ತಿದ್ದ. ಬಟ್ಟೆ ಗಿರಣಿಯ ಮಗ್ಗಗಳ ನಡುವೆ ಮೂವತ್ತೈದು ವರ್ಷ ನಿಂತು ಎರಡೂ ಕಿವಿ ಕಳೆದುಕೊಂಡ ಮನುಷ್ಯ. ಬೀದಿಯವರೆಲ್ಲ ‘ಮಿಲ್ ಮಾಮ’ ಎನ್ನುತ್ತಿದ್ದರು. ಕಿಟಕಿಯ ಕಟ್ಟೆಯ ಮೇಲೆ ಎರಡು ಲೋಟ, ಎರಡು ತಟ್ಟೆ ತೊಳೆದು ಬೋರಲು ಹಾಕಿದ್ದವು.

“ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು,” ಎಂದೆ.

“ಏನಂದ್ರಿ?” ಎಂದ, ನನ್ನ ತುಟಿಯನ್ನೇ ನೋಡುತ್ತಾ.

“ಡಿಸ್ಕ್! ಅಕ್ಕನ ಡಿಸ್ಕ್!”

“ಓ, ಅದಾ?” ಇಡೀ ಬೀದಿಗೆ ಕೇಳುವಂತೆ ನಕ್ಕ. “ಅಕ್ಕನಿಗೆ ಅದರ ಹುಚ್ಚು. ನನ್ನ ಪಾಲಿಗೆ ಹಾಡೂ ಒಂದೇ, ಆಕಳಿಕೆಯೂ ಒಂದೇ. ಬಾಯಿ ತೆರೆದಿರೋದಷ್ಟೇ ಕಾಣುತ್ತೆ. ಬರಲಾ? ಬ್ರೆಡ್ ತರಬೇಕು.”

ಬೀಗವನ್ನು ಎರಡು ಸಲ ಜಗ್ಗಿ ನೋಡಿ ಹೊರಟ. ಒಳ್ಳೆಯ ಮನುಷ್ಯ ಎನಿಸಿತು. ಕಿವಿ ಕೇಳದವನಿಗೆ ಹಾಡಿನ ಗೊಡವೆ ಯಾಕೆ ಎಂದು ಪಟ್ಟಿಯಿಂದ ಅವನ ಹೆಸರನ್ನು ಅಲ್ಲೇ ಹೊಡೆದುಹಾಕಿದೆ. ಇದು ನನ್ನ ಮೂರ್ಖತನ, ಒಪ್ಪಿಕೊಳ್ಳುತ್ತೇನೆ.

ಡಿಸ್ಕಣ್ಣನ ಅಂಗಡಿ ರೈಲಿನ ಬೋಗಿಯಂತೆ ಉದ್ದಕ್ಕೆ, ಕಿರಿದಾಗಿ ಇತ್ತು. ಎರಡೂ ಬದಿಗೆ ಡಬ್ಬಿಗಳ ಸಾಲು, ನಡುವೆ ಒಬ್ಬರು ಹೋದರೆ ಇನ್ನೊಬ್ಬರು ನಿಂತು ಜಾಗ ಕೊಡಬೇಕು. ಕೊನೆಯಲ್ಲಿ ದೀಪದ ಕೆಳಗೆ ಅವನು ಕೂತು, ಒಂದು ಡಬ್ಬಿಯ ಕೀಲು ಬಿಡಿಸುತ್ತಿದ್ದ. ಹೆಬ್ಬೆರಳಿನಿಂದ ಒತ್ತಿದ, ಟಕ್ಕೆಂದು ಬಿಚ್ಚಿತು. ಬೆರಳುಗಳು ಆ ಕೆಲಸಕ್ಕೇ ಹುಟ್ಟಿದ್ದವು.

ಏನೂ ಹೇಳದೆ ‘ಮೂರು ಬತ್ತಿ’ಯ ಡಬ್ಬಿಯನ್ನು ಅವನ ಮುಂದಿಟ್ಟೆ.

ಅವನು ಎತ್ತಿದವನೇ ಮೊದಲು ಮಾಡಿದ ಕೆಲಸ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದು. “ಹಾ. ಅಲ್ಲಾಡಲ್ಲ,” ಎಂದ ಹೆಮ್ಮೆಯಿಂದ.

“ಅದೇ ತೊಂದರೆ. ತಟ್ಟೆ ಬದಲಾಯಿಸಿದ್ದು ಯಾರು?”

“ನಾನೇ! ಆ ಕಾಲದ ಕಪ್ಪು ತಟ್ಟೆ ಈಗ ಎಲ್ಲಿ ಸಿಗುತ್ತೆ? ಎಲ್ಲರೂ ಪಾರದರ್ಶಕದ್ದು ಹಾಕಿ ಕೈತೊಳ್ಕೊತಾರೆ. ನಾನು ಎರಡು ಪೆಟ್ಟಿಗೆ ಜಾಲಾಡಿ...” ಅಲ್ಲಿಗೆ ನಾಲಿಗೆ ಕಚ್ಚಿಕೊಂಡ. ಕೈಯಲ್ಲಿದ್ದ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟ. “ಇದು ಕನ್ನಡಕದಮ್ಮನವರದ್ದಲ್ಲವಾ? ನೀವು ಯಾರು?”

“ಅವರು ನೇಮಿಸಿದ ಪತ್ತೇದಾರ. ಈಗ ಹೇಳಿ, ಡಿಸ್ಕ್ ಎಲ್ಲಿ?”

“ಯಾವ ಡಿಸ್ಕ್?”

“ನೀವು ಕದ್ದ ಡಿಸ್ಕ್.”

ಅವನು ಎದ್ದು ನಿಂತ. ಎತ್ತರದ ಆಳು, ತಲೆ ದೀಪಕ್ಕೆ ತಾಕಿ ನೆರಳೆಲ್ಲ ತೂಗಾಡಿತು. “ಏನ್ರೀ ಮಾತಾಡ್ತಿದ್ದೀರಿ? ಆ ಮನೆಯಿಂದ ನಾನು ಕದೀತೀನಾ? ಆ ಸಂಗ್ರಹ ಏನು ಅಂತ ನಿಮಗೆ ಗೊತ್ತಾ? ಅವರ ಕಪಾಟಿನ ಮುಂದೆ ನಿಂತರೆ ನಾನು ಈಗಲೂ ಚಪ್ಪಲಿ ಬಿಟ್ಟು ನಿಲ್ತೀನಿ. ಕಂಪನಿಗಳೇ ಮರೆತ ಹಾಡುಗಳನ್ನ ಆ ಹೆಂಗಸು ಒಬ್ಬರೇ ಕೂಡಿಟ್ಟಿದ್ದಾರೆ!”

“ಹಾಗಾದ್ರೆ ಅವರ ಡಬ್ಬಿ ನಿಮ್ಮ ಕೈಗೆ ಹೇಗೆ ಬಂತು?”

“ಹೇಳಲ್ಲ. ಮಾತು ಕೊಟ್ಟಿದ್ದೀನಿ.”

“ಯಾರಿಗೆ?”

ತುಟಿಗೆ ಹೊಲಿಗೆ ಹಾಕಿಕೊಂಡವನಂತೆ ನಿಂತ. ಕಳ್ಳನ ಮೌನ ಬೇರೆ, ಮಾತು ಕೊಟ್ಟವನ ಮೌನ ಬೇರೆ. ಕಳ್ಳ ಬಾಗಿಲ ಕಡೆ ನೋಡುತ್ತಾನೆ. ಇವನು ನೆಟ್ಟಗೆ ನನ್ನ ಕಣ್ಣನ್ನೇ ನೋಡುತ್ತಿದ್ದ. ನನ್ನ ಬಳಿ ಉಳಿದದ್ದು ಒಂದೇ ಅಸ್ತ್ರ. ಕನ್ನಡಕದಮ್ಮನವರಲ್ಲಿ ಮನಸ್ಸಿನಲ್ಲೇ ಕ್ಷಮೆ ಕೇಳಿ ಅದನ್ನು ಬಿಟ್ಟೆ.

“ಈ ಡಬ್ಬಿಯೊಳಗೆ ಮೊದಲು ಇದ್ದದ್ದು ಸೊನ್ನೆ ಒಂದು.”

ಅವನು ತಟ್ಟನೆ ಕೂತ. ಕುರ್ಚಿ ಇನ್ನೊಂದು ಬದಿಗಿತ್ತು. ಕೂತದ್ದು ಡಿಸ್ಕಿನ ಪೆಟ್ಟಿಗೆಯ ಮೇಲೆ.

“ಏನಂದ್ರಿ?”

“ಸೊನ್ನೆ ಒಂದು. ಮೊದಲ ಅಚ್ಚು.”

“ಅವರಿಗೆ... ಅವರಿಗೆ ಎಲ್ಲಿ ಸಿಕ್ತು?”

“ಇಲ್ಲೇ,” ಎಂದು ಮೂಲೆಯ ಡಬ್ಬಿಯತ್ತ ಬೆರಳು ತೋರಿದೆ. “ಇಪ್ಪತ್ತು ವರ್ಷದ ಹಿಂದೆ. ನಾಲ್ಕು ಕಸದ ಡಿಸ್ಕಿನ ಜೊತೆ.”

ಡಿಸ್ಕಣ್ಣ ಮೂಲೆಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಮೂಲೆಯನ್ನು ನೋಡಿದ. ಅತ್ತುಬಿಡುತ್ತಾನೆ ಎಂದುಕೊಂಡೆ. ಅವನು ನಗತೊಡಗಿದ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ.

“ನನ್ನ ಅಂಗಡಿಯಿಂದಲೇ! ನನ್ನ ಮೂಗಿನ ಕೆಳಗೇ! ಆಮೇಲೂ ಪ್ರತಿ ತಿಂಗಳು ನನಗೆ ಚಹಾ ಕೊಟ್ಟು, ‘ಸೊನ್ನೆ ಒಂದು ಸಿಕ್ತಾಪ್ಪಾ?’ ಅಂತ ಕೇಳ್ತಿದ್ರಲ್ಲ! ಅಬ್ಬಾ ಹೆಂಗಸೇ! ಆ ಕಣ್ಣಿಗೆ ಯಾರು ಸಾಟಿ ಹೇಳಿ?” ಕಣ್ಣು ಒರೆಸಿಕೊಂಡ. “ಇಪ್ಪತ್ತು ವರ್ಷ ನಾನು ಹುಡುಕದ ಮೂಲೆ ಇಲ್ಲ. ಅದು ಇದ್ದದ್ದು ಸರಿಯಾದ ಮನೇಲೇ ಬಿಡಿ.”

ಮರುಕ್ಷಣ ನಗು ನಿಂತಿತು. ಅವನಿಗೆ ಏನೋ ಹೊಳೆದಿತ್ತು.

“ಅಯ್ಯೋ ದೇವರೇ. ಹಾಗಾದ್ರೆ ಮುರಿದುಹೋದದ್ದು...”

“ಮುರಿಯಿತಾ?” ಎಂದೆ.

ಇನ್ನು ಬಚ್ಚಿಡಲು ಅವನಿಗೂ ಮನಸ್ಸು ಬರಲಿಲ್ಲ. “ಮೂರು ವಾರದ ಹಿಂದೆ ಮಿಲ್ ಮಾಮ ಬಂದಿದ್ರು. ಬ್ರೆಡ್ ಚೀಲದಲ್ಲಿ ಈ ಡಬ್ಬಿ, ಖಾಲಿ. ‘ಡಿಸ್ಕ್ ಮೇಲೆ ಕೂತುಬಿಟ್ಟೆ, ಎರಡು ಹೋಳಾಯ್ತು, ಅಕ್ಕನಿಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾಳೆ, ಇಂಥದ್ದೇ ಒಂದು ಹಾಕಿಕೊಡು, ಯಾರಿಗೂ ಹೇಳಬೇಡ’ ಅಂದ್ರು. ನನ್ನ ಹತ್ರ ಸೊನ್ನೆ ಎರಡು ಇತ್ತು, ಕೊಟ್ಟೆ. ಅವರದೂ ಅದೇ ಅಂದ್ಕೊಂಡಿದ್ದೆ. ಹಾಕುವಾಗ ಹಲ್ಲು ಮುರಿದದ್ದು ಕಾಣಿಸ್ತು. ಅಲ್ಲಾಡೋ ಡಿಸ್ಕನ್ನ ನಾನು ನನ್ನ ಕೈಯಿಂದ ಹೊರಗೆ ಕಳಿಸಲ್ಲ.”

“ತಟ್ಟೆ ಬದಲಾಯಿಸಿದ್ದು ಅವರಿಗೆ ಗೊತ್ತಾಗಲಿಲ್ಲವಾ?”

“ಹೇಗೆ ಗೊತ್ತಾಗಬೇಕು? ಅಲ್ಲಾಡೋ ಸದ್ದು ಕೇಳಿದ್ದರೆ ತಾನೆ!”

ಹೌದಲ್ಲ. ಆ ಡಬ್ಬಿ ಗಡಗಡ ಎನ್ನುತ್ತಿತ್ತು ಎಂಬುದೇ ಮಿಲ್ ಮಾಮನಿಗೆ ತಿಳಿಯದು. ಹಾಗಾಗಿ ಈಗ ಸುಮ್ಮನಾಗಿದೆ ಎಂಬುದೂ ತಿಳಿಯದು. ಒಬ್ಬ ಒಳ್ಳೆಯ ಕೆಲಸಗಾರನ ಕೈಚಳಕವೂ ಒಬ್ಬ ಕಿವುಡನ ಕಿವಿಯೂ ಸೇರಿ ಈ ಗುಟ್ಟನ್ನು ನನ್ನ ಕೈಗಿಟ್ಟಿದ್ದವು.

ಇಪ್ಪತ್ನಾಲ್ಕನೇ ತಾರೀಕಿನವರೆಗೆ ಅಕ್ಕ ಅದನ್ನು ಮುಟ್ಟುವುದಿಲ್ಲ ಎಂದು ಅವನಿಗೆ ಗೊತ್ತು. ಡಾಕ್ಟರ ಮಾತಿನಿಂದ ಅವರು ಮೊದಲೇ ಹಾಕಿಬಿಡುತ್ತಾರೆ ಎಂದು ಮಾತ್ರ ಗೊತ್ತಿರಲಿಲ್ಲ. ಆದರೆ ಡಿಸ್ಕ್? ನಿಜವಾಗಿಯೂ ಎರಡು ಹೋಳಾಗಿದ್ದರೆ, ಆ ಹೆಂಗಸಿನ ಮುಂದೆ ನಾನು ಯಾವ ಬಾಯಲ್ಲಿ ಹೇಳಲಿ?

“ಹೋಳುಗಳನ್ನ ನೀವು ನೋಡಿದ್ರಾ?”

“ಇಲ್ಲ.” ಡಿಸ್ಕಣ್ಣ ಗಲ್ಲ ಕೆರೆದುಕೊಂಡ. “ಇನ್ನೊಂದು ವಿಷಯ ಇದೆ. ಆವತ್ತು ನನಗೆ ವಿಚಿತ್ರ ಅನ್ನಿಸ್ತು, ಆಮೇಲೆ ಮರೆತೆ. ಹೋಗುವಾಗ ಅವರು ಒಂದು ಹಳೆಯ ಸಿಡಿ ಪ್ಲೇಯರ್ ತಗೊಂಡು ಹೋದ್ರು. ಸಣ್ಣದು. ‘ಸದ್ದು ಕಡಿಮೆ ಬರೋದು ಕೊಡು’ ಅಂತ ಕೇಳಿ ತಗೊಂಡ್ರು.”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

“ಕಿವಿಯೇ ಕೇಳದವರಿಗೆ ಪ್ಲೇಯರ್ ಯಾಕೆ?” ಎಂದ ಅವನು. “ಅದರಲ್ಲೂ ಸದ್ದು ಕಡಿಮೆ ಬರೋದು?”

ನನಗೆ ಒಂದು ಸಮಾಧಾನ ಸಿಕ್ಕಿತು. ಮುರಿದ ಡಿಸ್ಕಿಗೆ ಯಾರೂ ಪ್ಲೇಯರ್ ಕೊಳ್ಳುವುದಿಲ್ಲ. ನಾಲ್ಕು ಸಾಲು ಎಲ್ಲೋ ಉಳಿದಿವೆ.

ಬಾಗಿಲವರೆಗೆ ಬಂದು ಡಿಸ್ಕಣ್ಣ ನನ್ನ ತೋಳು ಹಿಡಿದ. “ಸಿಕ್ಕಿದ್ರೆ ನನಗೆ ಬೇಡ. ಅಮ್ಮನವರು ಒಪ್ಪಿದ್ರೆ ಒಂದೇ ಒಂದು ಸಲ ಕೇಳಿಸಿ ಅಂತ ಹೇಳಿ. ಬಾಗಿಲಾಚೆ ನಿಂತು ಬೇಕಾದ್ರೂ ಕೇಳ್ತೀನಿ.”

ಆ ಮನುಷ್ಯನನ್ನು ಕಳ್ಳ ಎಂದೆನಲ್ಲ ಎಂದು ನಾಚಿಕೆಯಾಯಿತು. ಹಾಗೆಂದು ಹೇಳಿಯೂಬಿಟ್ಟೆ.

ಮೂರು ಬೀದಿ ದಾಟಿ ಮನೆಗೆ ಬರುವಷ್ಟರಲ್ಲಿ ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಅಕ್ಕನಿಗೆ ಹೇಳುವ ಮೊದಲು ತಮ್ಮನನ್ನು ಒಬ್ಬನೇ ಕೂರಿಸಿಕೊಂಡು ಕೇಳಬೇಕು. ಬೈಯಬಾರದು. ಹಾಡಿದ ಆ ಹುಡುಗಿ ಅವನಿಗೂ ಒಡಹುಟ್ಟಿದವಳೇ ಅಲ್ಲವೇ?

ಹೊರಬಾಗಿಲು ತಳ್ಳಿ ಒಳಗೆ ಹೆಜ್ಜೆ ಇಟ್ಟೆ, ಹಾಗೇ ನಿಂತೆ.

ಹಾಡು ಕೇಳುತ್ತಿತ್ತು. ಮೇಲಿನಿಂದ ಅಲ್ಲ, ಮಿಲ್ ಮಾಮನ ಕೋಣೆಯಿಂದ. ತೀರ ಮೆತ್ತಗೆ, ಗೋಡೆಗೆ ಕಿವಿಕೊಟ್ಟರೆ ಮಾತ್ರ ತಿಳಿಯುವಷ್ಟು. ಗಾಯಕವೃಂದದ ತೊಟ್ಟಿಲ ಹಾಡು. ಸಿಕ್ಕಿಬಿದ್ದೆಯಲ್ಲಪ್ಪಾ ಎಂದುಕೊಂಡು ಬಾಗಿಲು ಬಡಿಯಲು ಕೈ ಎತ್ತಿದೆ.

ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು.

“ಏನ್ ಸಾಹೇಬ್ರೆ, ಸಿಕ್ತಾ ಡಿಸ್ಕು?”

ತಿರುಗಿದೆ. ಮಿಲ್ ಮಾಮ ಬೀದಿಯಿಂದ ಒಳಗೆ ಬರುತ್ತಿದ್ದ. ಒಂದು ಕೈಯಲ್ಲಿ ಬ್ರೆಡ್ ಚೀಲ, ಇನ್ನೊಂದು ಕೈಯಲ್ಲಿ ಬೀಗದ ಕೈ. ತನ್ನ ಬೆನ್ನ ಹಿಂದಿನ ಬೀದಿಯಾಗಲಿ, ನನ್ನ ಬೆನ್ನ ಹಿಂದಿನ ಹಾಡಾಗಲಿ ಅವನಿಗೆ ಕೇಳಿಸುವಂತಿರಲಿಲ್ಲ. ನಗುತ್ತಾ ನನ್ನ ತುಟಿಯನ್ನು ನೋಡುತ್ತಾ ಉತ್ತರಕ್ಕೆ ಕಾಯುತ್ತಿದ್ದ.

ಮೆಟ್ಟಿಲ ಮೇಲೆ ಸದ್ದಾಯಿತು. ಕನ್ನಡಕದಮ್ಮ ಅರ್ಧ ಇಳಿದು ಬಂದು ಕಟಕಟೆ ಹಿಡಿದು ನಿಂತಿದ್ದರು. ಮುಖವನ್ನು ಬೀಗ ಹಾಕಿದ ಬಾಗಿಲ ಕಡೆಗೆ ತಿರುಗಿಸಿದ್ದರು. ಮೂರು ಬತ್ತಿಯ ಹತ್ತೊಂಬತ್ತನೇ ಹಾಡನ್ನು ಅವರಿಗೆ ಯಾರೂ ಗುರುತು ಹಿಡಿದು ಹೇಳಬೇಕಾಗಿರಲಿಲ್ಲ.

ವೃಂದ ನಿಂತಿತು. ಒಬ್ಬಳೇ ಹುಡುಗಿಯ ದನಿ ಶುರುವಾಯಿತು. ಅದರ ಜೊತೆಗೆ ಇನ್ನೊಂದು ದನಿ ಸೇರಿತು. ಸವೆದದ್ದು, ಅಂಚು ಒಡೆದದ್ದು, ಆದರೂ ಒಂದು ಸ್ವರ ಅತ್ತಿತ್ತ ಆಗದೆ ಮೊದಲಿನ ದನಿಯ ಪಕ್ಕದಲ್ಲೇ ನಡೆಯುತ್ತಿತ್ತು. ಎರಡನೇ ಸಾಲು ಮುಗಿಯುವ ಹೊತ್ತಿಗೆ ಟಿಕ್ಕೆಂದು ಸದ್ದಾಯಿತು.

ಡಿಸ್ಕ್ ನಿಂತಿತು. ಹಾಡು ನಿಲ್ಲಲಿಲ್ಲ.

ಕನ್ನಡಕದಮ್ಮನವರ ಬೆರಳುಗಳು ಕಟಕಟೆಯ ಮೇಲೆ ಬಿಗಿದವು. “ಮೂರನೇ ಸಾಲು,” ಎಂದರು, ನನಗೆ ಮಾತ್ರ ಕೇಳುವಂತೆ. “ಈಗ. ನಡುವೆ. ಈಗ.”

ಬೀಗದಾಚೆ, ಸಾಲಿನ ಸರಿಯಾಗಿ ನಡುವೆ, ಆ ಮುದಿ ದನಿ ನಿಂತು ಉಸಿರು ತೆಗೆದುಕೊಂಡಿತು.